ಇಬ್ಬರು ಬೀರಪ್ಪ, ಒಂದೇ ಸಾಲು

ಮೂರು ಟೇಬಲ್‌ಗಳನ್ನು ಸೇರಿಸಿ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡುವುದು ನನಗೆ ಎಡಗೈ ಕೆಲಸ ಎಂದುಕೊಂಡಿದ್ದೆ. ಆ ಜಂಬದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಅದೇ ಮೂಲ. ತಪ್ಪು ಮಾಡಿದವಳು ನಾನು, ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ಆದರೆ ತಪ್ಪು ಗೊತ್ತಾದ ಮೇಲೆ ಮುಚ್ಚಿಬಿಡು ಎಂದವರ ಮುಂದೆ ಕೋಲೆಬಸವನಂತೆ ತಲೆ ಆಡಿಸಲಿಲ್ಲ. ಅದನ್ನೂ ಹೇಳಲೇಬೇಕು.

ನಮ್ಮದು ಕುರಿ ಸಾಕುವವರ ಸಂಘ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಹೀಗೆ ಮೂರು ಕಡೆ ಕೇಂದ್ರಗಳಿವೆ. ನಾನು ಸಿಂಧನೂರಿನ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು, ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಒಣಭೂಮಿಯ ಕಡೆಯ ಕುರಿ ಹಿಂಡುಗಳು ಕಾಲುವೆ ಸೀಮೆಗೆ ಇಳಿಯುತ್ತವೆ. ಕೂಳೆ ಮೇಯುತ್ತ, ಗದ್ದೆಯಲ್ಲೇ ತಂಗಿ ಗೊಬ್ಬರ ಬಿಡುತ್ತ, ಊರಿಂದ ಊರಿಗೆ ಸರಿಯುತ್ತವೆ. ಆ ವರ್ಷ ಹಿಂಡುಗಳು ಇಳಿಯುವ ಹೊತ್ತಿಗೆ ಸರಿಯಾಗಿ ಹಿರೇಬೇನೆ ಕಾಣಿಸಿಕೊಂಡಿತು. ಮೂಗು ಸೋರುತ್ತದೆ, ಬಾಯಲ್ಲಿ ಹುಣ್ಣಾಗುತ್ತದೆ, ಭೇದಿ ಹತ್ತುತ್ತದೆ. ಒಂದು ಕುರಿಗೆ ಬಂದರೆ ಹಿಂಡಿಗೆಲ್ಲ ಬಂದ ಹಾಗೆ. ಬರುವುದಕ್ಕೆ ಮೊದಲೇ ಲಸಿಕೆ ಹಾಕಿಸುವುದೊಂದೇ ದಾರಿ.

ಲಸಿಕೆ ಸೀಸೆಯಲ್ಲಿ ಬರುತ್ತದೆ, ಒಂದು ಸೀಸೆ ನೂರು ಕುರಿಗೆ. ಪುಡಿಯನ್ನು ಒಮ್ಮೆ ದ್ರಾವಣದಲ್ಲಿ ಕದಡಿದರೆ ಒಂದೆರಡು ತಾಸಿನಲ್ಲಿ ಹಾಕಿ ಮುಗಿಸಬೇಕು, ಉಳಿದದ್ದು ಚೆಲ್ಲುವುದೇ. ಆದ್ದರಿಂದ ಯಾವ ಹಿಂಡು ಈಗ ಯಾವ ಊರಲ್ಲಿದೆ, ಅದಕ್ಕೆ ಎಷ್ಟು ಸೀಸೆ ಬೇಕು ಎನ್ನುವ ಪಟ್ಟಿ ಇಲ್ಲದೆ ಐಸ್ ಪೆಟ್ಟಿಗೆ ಹೊರಡಿಸುವ ಹಾಗಿಲ್ಲ. ಸಂಘದ ಕಾರ್ಯದರ್ಶಿ ಸೋಮವಾರ ಬೆಳಿಗ್ಗೆ ಬಂದವರೇ, ಮಧ್ಯಾಹ್ನದೊಳಗೆ ಪಟ್ಟಿ ಬೇಕು ಎಂದರು.

"ಒಂದs ಹಿಂಡಿನಾಂವ ಲಿಂಗಸುಗೂರಾಗೂ ಬರ್ಸಿರ್ತಾನ, ಇಲ್ಲೂ ಬರ್ಸಿರ್ತಾನ. ಎರಡೆರಡು ಸಲ ಸೀಸೆ ಹೋಗಬಾರ್ದು ನೋಡ್ರಿ ಮೇಡಂ. ಡಬಲ್ ಹೆಸರು ಎಲ್ಲಾ ಕಿತ್ತಿ ಒಗೀರಿ."

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹಿಂಡು ಸರಿಯುತ್ತ ಬರುವಾಗ ದಾರಿಯ ಮೂರೂ ಕೇಂದ್ರಗಳಲ್ಲಿ ಹೆಸರು ಬರೆಸಿದವರು ಇದ್ದರು. ಮೂರು ಕೇಂದ್ರಕ್ಕೂ ಬೇರೆ ಬೇರೆ ನೋಂದಣಿ ಟೇಬಲ್. ಎಲ್ಲದರಲ್ಲೂ ಒಂದೇ ತೆರನ ಅಂಕಣಗಳು: ಚೀಟಿ ನಂಬರು, ಹೆಸರು, ಊರು, ಕುರಿಗಳ ಸಂಖ್ಯೆ, ತಾರೀಖು, ಕೊನೆಗೆ ಷರಾ. ಒಟ್ಟು ಆರುನೂರಾ ಹನ್ನೆರಡು ಸಾಲು. ಇದಲ್ಲದೆ ಬಿಡಾರದ ಟೇಬಲ್ ಎಂಬ ನಾಲ್ಕನೆಯದೊಂದು ಇತ್ತು. ಯಾವ ಕೇಂದ್ರದ ಯಾವ ಚೀಟಿಯ ಹಿಂಡು, ಯಾರದು, ಯಾವ ವಾರ ಯಾವ ಊರ ಗದ್ದೆಯಲ್ಲಿ ಇಳಿದಿದೆ ಎಂದು ನಮ್ಮ ಲಸಿಕೆಯವರು ಫೋನಿನಲ್ಲಿ ಹೇಳಿದ್ದನ್ನು ಅದರಲ್ಲಿ ತುಂಬಿಸುತ್ತಿದ್ದೆವು.

ನೋಂದಣಿಯನ್ನು ಬಿಡಾರಕ್ಕೆ ಚೀಟಿ ನಂಬರಿನ ಮೇಲೆ ಜಾಯಿನ್ ಮಾಡಿದೆ, ಅಂದರೆ ಎರಡರಲ್ಲೂ ಒಂದೇ ನಂಬರಿರುವ ಸಾಲುಗಳನ್ನು ಜೋಡಿಸಿದೆ. ಬಂದ ಪಟ್ಟಿಯಲ್ಲಿ ಒಬ್ಬನೇ ಕುರಿಗಾರ ಒಂದೇ ವಾರ ಮೂರು ಊರಲ್ಲಿದ್ದ. ಯಾಕೆಂದರೆ ಚೀಟಿ ನಂಬರು ಮೂರೂ ಕೇಂದ್ರಗಳಲ್ಲಿ ಒಂದರಿಂದಲೇ ಶುರುವಾಗುತ್ತದೆ. ಲಿಂಗಸುಗೂರಿನ ಹದಿನಾಲ್ಕು, ಮಸ್ಕಿಯ ಹದಿನಾಲ್ಕು, ಸಿಂಧನೂರಿನ ಹದಿನಾಲ್ಕು, ಎಲ್ಲವೂ ಒಂದಕ್ಕೊಂದು ಗಂಟು ಬಿದ್ದಿದ್ದವು. ಆಗಲೇ ಕೇಂದ್ರದ ಹೆಸರನ್ನೂ ಚೀಟಿ ನಂಬರಿನ ಜೊತೆ ಸೇರಿಸಿ ಜಾಯಿನ್ ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನಗೆ ಅವಸರ. ನಂಬರು ಬೇಡ, ಹೆಸರು ಮತ್ತು ಊರಿನ ಮೇಲೆ ಜೋಡಿಸೋಣ ಎಂದುಕೊಂಡೆ.

ಹೆಸರಿನ ಹಿಂದೆ ಮುಂದೆ ಖಾಲಿ ಜಾಗ ಬಿಟ್ಟು ಟೈಪ್ ಮಾಡಿದವರಿದ್ದರು, ಅದನ್ನು ಕತ್ತರಿಸುವ ಸೂತ್ರವನ್ನು ಜಾಯಿನ್‌ನೊಳಗೇ ತುರುಕಿದೆ. ಹಾಗೆ ಮಾಡಿದರೆ ಸಾಲನ್ನು ಬೇಗ ಹುಡುಕಿಕೊಡುವ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ, ಪ್ರತಿ ಸಾಲನ್ನೂ ಪ್ರತಿ ಸಾಲಿಗೆ ಹೋಲಿಸುತ್ತ ಯಂತ್ರ ತೆವಳುತ್ತದೆ. ನಮ್ಮ ಕಚೇರಿಯದೋ ಹಳೆಯ ಯಂತ್ರ. ನಾನು ಹೊರಗೆ ಹೋಗಿ ಚಹಾ ಕುಡಿದು ಬಂದರೂ ಪರದೆ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಕೊನೆಗೆ ಬಂದದ್ದು ಸುಮಾರು ಎರಡು ಸಾವಿರ ಸಾಲು. ಒಂದು ಹಿಂಡು ನಾಲ್ಕು ವಾರ ನಾಲ್ಕು ಊರಲ್ಲಿ ಇಳಿದಿದ್ದರೆ ಅದು ನಾಲ್ಕು ಸಾಲಾಗಿತ್ತು. ಅದೇ ಹೆಸರಿನವರು ಇಬ್ಬರಿದ್ದರೆ ಎಂಟಕ್ಕೂ ಹದಿನಾರಕ್ಕೂ ಹೋಗಿತ್ತು.

ಹನ್ನೆರಡು ಹೊಡೆದಿತ್ತು. ಕಾರ್ಯದರ್ಶಿ ಎರಡು ಸಲ ಇಣುಕಿ ಹೋಗಿದ್ದರು. ಆಗ ನಾನು ಕೈ ಹಾಕಿದ್ದು ಯೂನಿಯನ್‌ಗೆ. ಮೂರು ಟೇಬಲ್‌ಗಳ ಫಲಿತಾಂಶವನ್ನು ಒಂದರ ಕೆಳಗೊಂದು ಜೋಡಿಸಿ, ಒಂದೇ ರೀತಿಯ ಸಾಲುಗಳಿದ್ದರೆ ಒಂದನ್ನು ಮಾತ್ರ ಇಟ್ಟುಕೊಳ್ಳುವ ಆಜ್ಞೆ ಅದು. ಚೀಟಿ ನಂಬರು, ತಾರೀಖು ಇದ್ದರೆ ಯಾವ ಎರಡು ಸಾಲೂ ಒಂದೇ ಆಗುವುದಿಲ್ಲ. ಅದಕ್ಕೇ ಅವೆರಡನ್ನೂ ಬಿಟ್ಟೆ. ಷರಾ ಅಂಕಣದಲ್ಲಿ ಏನೇನೋ ಗೀಚಿದ್ದರು, ಅದನ್ನು ಕಸ ಎಂದು ಮೊದಲೇ ಬಿಟ್ಟಿದ್ದೆ. ಉಳಿದದ್ದು ಹೆಸರು, ಊರು, ಸಂಖ್ಯೆ. ಒತ್ತಿದೆ. ಐನೂರಾ ಮೂವತ್ತೊಂಬತ್ತು ಸಾಲು ಬಂತು. ಪ್ರತಿ ಹೆಸರಿಗೆ ಕೊನೆಯ ಬಿಡಾರ ಒಂದನ್ನೇ ಹಿಡಿದು ಜೋಡಿಸಿದೆ. ಪಟ್ಟಿ ಎಷ್ಟು ಚೊಕ್ಕಟವಾಗಿತ್ತೆಂದರೆ ನನಗೇ ನನ್ನ ಬೆನ್ನು ತಟ್ಟಿಕೊಳ್ಳಬೇಕೆನಿಸಿತು.

"ಎಪ್ಪತ್ಮೂರು ಡಬಲ್ ಇದ್ವು ಸರ್. ತೆಗೆದೀನಿ," ಎಂದೆ.

ಕಾರ್ಯದರ್ಶಿ ಹಿಗ್ಗಿಹೋದರು. "ಭಲೆ! ಆ ಎಪ್ಪತ್ಮೂರು ಯಾರ್ಯಾರು ಅಂತ ಒಂದು ಹಾಳಿ ತೆಗೀರಿ," ಎಂದರು. ತೆಗೆದುಕೊಟ್ಟೆ. ಅದನ್ನು ಅವರು ಕಚೇರಿಯ ಬಾಗಿಲಿಗೆ ಅಂಟಿಸಿದರು, ಮೇಲೆ ಕೆಂಪು ಅಕ್ಷರದಲ್ಲಿ "ಎರಡು ಸಲ ಹೆಸರು ಬರೆಸಿದವರು" ಎಂದು. ನಾನು ಬೇಡ ಎನ್ನಲಿಲ್ಲ. ಮಂಗಳವಾರ ಮೊದಲ ಕಂತಿನ ಸೀಸೆಗಳು ಹೊರಟವು.

ಬುಧವಾರ ಹತ್ತು ಗಂಟೆಗೆ ಕಂಬಳಿ ಹೆಗಲಿಗೆ ಹಾಕಿಕೊಂಡ, ಐವತ್ತರ ಹತ್ತಿರದ ಮನುಷ್ಯರೊಬ್ಬರು ಒಳಗೆ ಬಂದರು. ಸುತ್ತ ನೋಡಲಿಲ್ಲ, ನೇರ ನನ್ನ ಮೇಜಿಗೇ ಬಂದರು.

"ಪಟ್ಟಿ ಬರ್ದಾಕಿ ನೀನs ಏನವ್ವಾ?"

"ಹೌದ್ರಿ ಯಣ್ಣಾ. ಏನಾಗಬೇಕಿತ್ತು?"

"ನಾ ಪಾಮನಕಲ್ಲೂರು ಬೀರಪ್ಪ. ಈಗ ವಳಕಮದಿನ್ನ್ಯಾಗ ಇಳಿದೀನಿ. ನಿನ್ನೆ ಸೂಜಿ ಹಾಕಾಂವ ನಮ್ಮ ಬಾಜೂ ಹಿಂಡಿಗೆ ಬಂದಿದ್ದ. ನಂದೂ ಹಾಕಪಾ ಅಂದ್ರ, ನಿಂದು ಮುಕ್ಕುಂದದಾಗ ಆಗಿ ಹೋಗೈತಿ ಅಂದ. ನನ್ನ ಒಂದು ಕುರಿಗೂ ಸೂಜಿ ಬಿದ್ದಿಲ್ಲ. ಬಾಜೂ ಹಿಂಡಿನ್ಯಾಗ ಆಗ್ಲೇ ನಾಕು ಕುರಿ ಮೂಗು ಸೋರಾಕತ್ತಾವ. ಕೇಳಾಕ ಬಂದ್ರ, ನನ್ನ ಹೆಸರು ಬಾಗಲಕ್ಕ ಹಚ್ಚೀರಿ, ಕಳ್ಳನ್ನ ಹಚ್ಚಿದಂಗ."

ನಾನು ಆಗ ಹೇಳಿದ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ಕಂಪ್ಯೂಟರಿನ್ಯಾಗ ಹಂಗ ಐತ್ರಿ ಯಣ್ಣಾ," ಎಂದೆ.

"ಕಂಪ್ಯೂಟರ್ ನನ್ನ ಕುರಿ ನೋಡೈತೇನು?" ಎಂದರು ಅವರು. "ಮುಕ್ಕುಂದದಾಗ ಇರಾಂವ ನಮ್ಮ ಕಾಕಾನ ಮಗ. ಅವನೂ ಬೀರಪ್ಪನs. ನಮ್ಮ ಮುತ್ಯಾ ಬೀರಪ್ಪ. ಮುತ್ಯಾನ ಹೆಸರು ಯಾರರ ಬಿಡ್ತಾರೇನು? ನಮ್ಮಪ್ಪ ನನಗಿಟ್ಟ, ನಮ್ಮ ಕಾಕಾ ಅವನಿಗಿಟ್ಟ. ಇಬ್ರೂ ಒಂದs ದಿನ ಮಸ್ಕ್ಯಾಗ ಹೋಗಿ ಬರ್ಸೀವಿ. ನೀನೂ ಮಸ್ಕ್ಯಾಕಿ ಅಂತ ಕೇಳೀನಿ. ನಿಂಗ ಇಷ್ಟು ತಿಳಿಯಂಗಿಲ್ಲೇನವ್ವಾ?"

ತಿಳಿಯಬೇಕಿತ್ತು. ನಮ್ಮ ಓಣಿಯಲ್ಲೇ ಒಂದೇ ಮನೆತನದ ಮೂವರು ಅಮರೇಶರಿದ್ದಾರೆ. ಬೀರಪ್ಪನವರಿಗೆ ಕುರ್ಚಿ ತೋರಿಸಿ ಕೂರಿಸಿ, ಮಸ್ಕಿ ಟೇಬಲನ್ನು ಹಾಗೆಯೇ, ಏನೂ ಬಿಡದೆ, ತೆರೆದೆ. ಮೂವತ್ತೊಂದನೆ ಚೀಟಿ: ಬೀರಪ್ಪ, ಪಾಮನಕಲ್ಲೂರು, ನೂರು. ಮೂವತ್ತೆರಡನೆ ಚೀಟಿ: ಬೀರಪ್ಪ, ಪಾಮನಕಲ್ಲೂರು, ನೂರು. ಒಂದರ ಕೆಳಗೊಂದು. ಯೂನಿಯನ್ ಒಂದು ಟೇಬಲಿಗೂ ಇನ್ನೊಂದಕ್ಕೂ ನಡುವಿನ ಜೋಡಿಗಳನ್ನಷ್ಟೇ ತೆಗೆಯುತ್ತದೆ ಎಂದು ನಾನು ನಂಬಿದ್ದೆ. ಒಂದೇ ಟೇಬಲಿನೊಳಗಿನ ಜೋಡಿಯನ್ನೂ ಅದು ನುಂಗುತ್ತದೆ. ಅದಕ್ಕೆ ಗೊತ್ತಿರುವುದು ನಾನು ಕೊಟ್ಟ ಮೂರು ಅಂಕಣ ಮಾತ್ರ. ಇಬ್ಬರನ್ನು ಬೇರೆ ಮಾಡುವ ಚೀಟಿ ನಂಬರನ್ನು ಕಿತ್ತು ಎಸೆದವಳೇ ನಾನು. ಕೊನೆಯ ಬಿಡಾರ ಒಂದನ್ನೇ ಹಿಡಿಯುವಾಗ ಮುಕ್ಕುಂದದ ತಾರೀಖು ಒಂದು ದಿನ ಹೊಸದಾಗಿತ್ತು, ಸೀಸೆ ಅಲ್ಲಿಗೆ ಹೋಗಿತ್ತು.

ಕೋಣ ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುತ್ತಾರಲ್ಲ, ಹಾಗೆ ಪರದೆ ಐನೂರಾ ಮೂವತ್ತೊಂಬತ್ತು ಅಂದಿತ್ತು, ನಾನು ಕಟ್ಟಿಹಾಕಿದ್ದೆ. ಈ ಒಬ್ಬರೇ ಅಲ್ಲ. ಬಾಗಿಲ ಮೇಲೆ ಇನ್ನೂ ಎಪ್ಪತ್ತೆರಡು ಹೆಸರುಗಳಿದ್ದವು. ಎರಡನೆ ಕಂತಿನ ಸೀಸೆ ಗುರುವಾರ ಬೆಳಿಗ್ಗೆ ಹೊರಡುವುದಿತ್ತು. ಅದು ತಪ್ಪಿದರೆ ಮುಂದಿನ ಕಂತು ಹದಿನೈದು ದಿನಕ್ಕೆ. ಹಿರೇಬೇನೆ ಹದಿನೈದು ದಿನ ಕಾಯುವುದಿಲ್ಲ.

ಕಾರ್ಯದರ್ಶಿಯ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ಪಟ್ಟಿ ಜಿಲ್ಲೆಗೆ ಹೋಗಿ ಆಗೈತಿ. ಬೋಗಸ್ ಹೆಸರು ಎಪ್ಪತ್ಮೂರು ಹಿಡದೀವಿ ಅಂತ ನಾನು ಫೋನ್ ಮಾಡಿ ಹೇಳೀನಿ. ಈಗ ತಪ್ಪಾಗೈತಿ ಅಂದ್ರ ಸಂಘದ ಇಜ್ಜತ್ ಏನಾಗಬೇಕು?"

"ಕುರಿ ಸತ್ರ ಇಜ್ಜತ್ ಉಳೀತೈತೇನ್ರಿ ಸರ್?"

"ಒಂದು ಹಿಂಡಿಂದು ಆದ್ರ ಅವನೊಬ್ಬಂದು ತಿದ್ದೋಣ. ಸುಮ್ಮನ ಒಂದು ಸೀಸೆ ಕಳಸ್ರಿ. ಪಟ್ಟಿ ಮುಟ್ಟಬ್ಯಾಡ್ರಿ."

"ಬಂದು ಜಗಳ ಮಾಡಿದಾವ್ರಿಗೆ ಮಾತ್ರ ಸೀಸೆ, ಬರದಾವ್ರಿಗೆ ಬ್ಯಾನಿ, ಹಂಗಾತಲ್ರಿ ಇದು."

ಅವರ ದನಿ ಏರಿತು. "ನಿಮ್ಮ ಜಾಗಕ್ಕ ಬ್ಯಾರೆ ಮಂದಿ ಸಿಗ್ತಾರ, ಗೊತ್ತಿರ್ಲಿ."

"ಸಿಗ್ಲಿರಿ ಸರ್. ಯೂನಿಯನ್ ಬರೀಬ್ಯಾಡ್ರಿ, ಯೂನಿಯನ್ ಆಲ್ ಬರೀರಿ ಅಂತ ಅವ್ರಿಗೂ ಹೇಳೇ ಹೋಗ್ತೀನಿ. ಆದ್ರ ಇವತ್ತು ಈ ಪಟ್ಟಿ ನಾನs ತಿದ್ತೀನಿ."

ಅದು ಯಾವ ಸಾಲನ್ನೂ ನುಂಗದ ಆಜ್ಞೆ ಎಂಬುದು ಅವರಿಗೆ ಅರ್ಥವಾಗಲಿಲ್ಲ, ನನ್ನ ಮುಖ ಅರ್ಥವಾಯಿತು. ಹೊರಗೆ ಬಂದೆ. ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ ನನ್ನ ಸಂಬಳಕ್ಕೆ ಕಾಯುವವರಿದ್ದಾರೆ. ಆದರೆ ಕುರ್ಚಿಯ ಮೇಲೆ ಕೂತಿದ್ದ ಬೀರಪ್ಪನವರ ಮುಖಕ್ಕಿಂತ ಕಾರ್ಯದರ್ಶಿಯ ಮುಖಕ್ಕೆ ಹೆಚ್ಚು ಹೆದರುವುದು ನನ್ನಿಂದಾಗುವುದಿಲ್ಲ.

ಸಂಘದ ಪಶುವೈದ್ಯರು ಆ ಹೊತ್ತಿಗೆ ವಳಕಮದಿನ್ನಿಯ ಕಡೆಗೇ ಹೊರಟಿದ್ದರು, ಮೂಗು ಸೋರುತ್ತಿದ್ದ ಕುರಿಗಳನ್ನು ನೋಡಲು. ಬೀರಪ್ಪನವರನ್ನೂ ನನ್ನನ್ನೂ ಜೀಪಿನಲ್ಲಿ ಹತ್ತಿಸಿಕೊಂಡರು. ಕಂಪ್ಯೂಟರಿನವಳಿಗೆ ಗದ್ದೆಯಲ್ಲೇನು ಕೆಲಸ ಎಂದು ಅವರು ಕೇಳಲಿಲ್ಲ, ಅದಕ್ಕೆ ಅವರಿಗೆ ಋಣಿ.

ಕಾಲುವೆಯ ಏರಿ ದಾಟಿ ಕೂಳೆ ಗದ್ದೆಗೆ ಇಳಿದೆವು. ಮೂರು ಹಿಂಡು ಒಂದೇ ಬಯಲಲ್ಲಿ ಮೇಯುತ್ತಿದ್ದವು. ನನ್ನ ಕಣ್ಣಿಗೆ ಎಲ್ಲ ಒಂದೇ ಕುರಿ. "ಇದ್ರಾಗ ನಿಮ್ಮ ಕುರಿ ಯಾವುವು ಅಂತ ಹೆಂಗ ಗೊತ್ತಾಗ್ತೈತ್ರಿ ಯಣ್ಣಾ?" ಎಂದು ಕೇಳಿದೆ.

"ಬಣ್ಣ ನೋಡವ್ವಾ. ನಂದು ಬೆನ್ನ ಮ್ಯಾಲ ಕೆಂಪು ಪಟ್ಟಿ. ನಮ್ಮ ಕಾಕಾನ ಮಗಂದು ಬಾಲದ ಬುಡಕ್ಕ ನೀಲಿ. ಇಬ್ಬರದೂ ಒಂದs ಬಣ್ಣ ಇದ್ರ ಕುರಿ ಕಲತಾಗ ಬಡದಾಡಬೇಕಾಗ್ತದ. ಅದಕ್ಕ ದಾರಿ ಹಿಡಿಯೂಕ್ಕಿಂತ ಮುಂಚೇನs ಕುಂತು ಮಾತಾಡಿ ಹಚ್ಚಿರ್ತೀವಿ."

ನಾನು ಅಲ್ಲಿಯೇ ಬದುವಿನ ಮೇಲೆ ಕುಳಿತುಬಿಟ್ಟೆ. ಕಸ ಎಂದು ಬಿಟ್ಟಿದ್ದ ಷರಾ ಅಂಕಣದಲ್ಲಿ ಗೀಚಿದ್ದು ಇದೇ. ಮೂವತ್ತೊಂದನೆ ಚೀಟಿಗೆ "ಬೆನ್ನು ಕೆಂಪು" ಎಂದಿತ್ತು, ಮೂವತ್ತೆರಡಕ್ಕೆ "ಬಾಲ ನೀಲಿ". ಒಂದೇ ಹೆಸರಿನವರನ್ನು ಬೇರೆ ಬೇರೆ ಗುರುತಿಸುವ ಉಪಾಯವನ್ನು ಈ ಜನ ಮೊದಲೇ ಮಾಡಿಟ್ಟಿದ್ದರು. ಮಸ್ಕಿ ಕೇಂದ್ರದವರು ಅದನ್ನು ಶ್ರದ್ಧೆಯಿಂದ ಬರೆದೂ ಇಟ್ಟಿದ್ದರು. ಓದದೆ ಬಿಟ್ಟವಳು ನಾನು.

ವೈದ್ಯರು ಅಷ್ಟರಲ್ಲಿ ಬೀರಪ್ಪನವರನ್ನು, "ಎಷ್ಟು ಕುರಿ ಅದಾವ?" ಎಂದು ಕೇಳುತ್ತಿದ್ದರು.

"ನೂರು ಬರ್ಕೋರಿ."

ಎದುರಿಗೆ ಕಾಣುತ್ತಿದ್ದ ಕೆಂಪು ಪಟ್ಟಿಯ ಕುರಿಗಳೇ ಅದರ ದುಪ್ಪಟ್ಟಿಗಿಂತ ಹೆಚ್ಚು. ನಾನು ಬಾಯಿ ತೆರೆಯುವಷ್ಟರಲ್ಲಿ ವೈದ್ಯರು ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದರು: "ಎಣಿಸಿ ಹೇಳಿದ್ರ ಹಿಂಡಿಗೆ ದಿಟ್ಟಿ ಆಗ್ತದ ಅಂತಾರ್ರಿ. ಯಾರನ್ನ ಕೇಳಿದ್ರೂ ನೂರs. ನೂರು ಅಂದ್ರ ಲೆಕ್ಕ ಅಲ್ಲ ಮೇಡಂ, ಬಾಯಿ ಮುಚ್ಕೊ ಅಂತ ಅರ್ಥ."

ಹೆಸರು ಒಂದೇ, ಊರು ಒಂದೇ, ಸಂಖ್ಯೆಯೂ ಎಲ್ಲರದೂ ನೂರು. ಯೂನಿಯನ್‌ಗೆ ಇನ್ನೇನು ಬೇಕು? ಅದಕ್ಕಿಂತ ದೊಡ್ಡ ತಲೆನೋವೆಂದರೆ, ಸಾಲು ಸರಿಮಾಡಿದರೂ ಸೀಸೆಯ ಲೆಕ್ಕ ಸುಳ್ಳೇ ಆಗುತ್ತಿತ್ತು. ಸ್ವಲ್ಪ ಹೊತ್ತು ಯೋಚಿಸಿ ಬೇರೆ ಥರ ಕೇಳಿದೆ. "ಯಣ್ಣಾ, ಒಂದು ಸೀಸೆ ನೂರು ಕುರಿಗೆ ಬರ್ತದ. ನಿಮಗ ನಾಳೆ ಎಷ್ಟು ಸೀಸೆ ತರ್ಲಿ?"

ಬೀರಪ್ಪ ಒಂದು ಕ್ಷಣ ಹಿಂಡಿನ ಕಡೆ ನೋಡಿದರು. "ಮೂರು ತಾರವ್ವಾ. ಮೂರನೇದ್ರಾಗ ಒಂಚೂರು ಉಳೀತದ."

ವೈದ್ಯರು ಗಟ್ಟಿಯಾಗಿ ನಕ್ಕರು. "ಇಷ್ಟು ವರ್ಷ ನಾನೂ ಹಿಂಗ ಕೇಳಿಲ್ಲ ನೋಡ್ರಿ," ಎಂದರು.

ಮಧ್ಯಾಹ್ನ ಎರಡಕ್ಕೆ ಕಚೇರಿಗೆ ವಾಪಸು ಬಂದು ಕುಳಿತೆ. ಮೊದಲು ಮೂರು ಟೇಬಲನ್ನೂ ಯೂನಿಯನ್ ಆಲ್‌ನಿಂದ ಸೇರಿಸಿದೆ. ಅದು ಯಾವ ಸಾಲನ್ನೂ ನುಂಗುವುದಿಲ್ಲ. ಜೋಡಿ ಹುಡುಕಲು ಎಲ್ಲವನ್ನೂ ಹೋಲಿಸುತ್ತ ಕೂರುವ ಕೆಲಸವೂ ಅದಕ್ಕಿಲ್ಲ, ಆದ್ದರಿಂದ ಬೇಗವೂ ಮುಗಿಯುತ್ತದೆ. ಪ್ರತಿ ಸಾಲಿನ ಮುಂದೆ ಕೇಂದ್ರದ ಹೆಸರನ್ನು ಹೊಸ ಅಂಕಣವಾಗಿ ಸೇರಿಸಿದೆ, ಕೇಂದ್ರ ಮತ್ತು ಚೀಟಿ ನಂಬರು ಎರಡೂ ಕೂಡಿ ಒಂದು ಗುರುತಾಯಿತು. ಎಣಿಸಿದೆ, ಆರುನೂರಾ ಹನ್ನೆರಡು. ಸೇರಿಸುವ ಮೊದಲೆಷ್ಟೋ ಸೇರಿಸಿದ ಮೇಲೂ ಅಷ್ಟೇ ಎಂದು ಕಣ್ಣಾರೆ ನೋಡಿದ ಮೇಲೇ ಮುಂದಿನ ಹೆಜ್ಜೆ ಇಟ್ಟೆ.

ಆಮೇಲೆ ಬಿಡಾರದ ಟೇಬಲ್. ಅದನ್ನು ಇಡಿಯಾಗಿ ಜಾಯಿನ್ ಮಾಡಲಿಲ್ಲ. ಪ್ರತಿ ಚೀಟಿಗೆ ಕೊನೆಯ ತಾರೀಖಿನ ಒಂದೇ ಸಾಲು ಉಳಿಯುವಂತೆ ಮೊದಲು ಅದನ್ನು ಜರಡಿ ಹಿಡಿದೆ. ಸಣ್ಣದಾದ ಮೇಲೆ ಕೇಂದ್ರ ಮತ್ತು ಚೀಟಿ ನಂಬರಿನ ಮೇಲೆ ಜೋಡಿಸಿದೆ. ಹೆಸರುಗಳ ಖಾಲಿ ಜಾಗವನ್ನು ಜಾಯಿನ್‌ನೊಳಗೆ ಕತ್ತರಿಸುವ ಬದಲು ಟೇಬಲಿನಲ್ಲೇ ಒಮ್ಮೆಗೆ ತಿದ್ದಿ ಇಂಡೆಕ್ಸ್ ಹಾಕಿದೆ. ಸೋಮವಾರ ಚಹಾ ಕುಡಿದು ಬಂದರೂ ಮುಗಿಯದ ಕ್ವೆರಿ, ಅಂದರೆ ಯಂತ್ರಕ್ಕೆ ಕೇಳುವ ಪ್ರಶ್ನೆ, ಈಗ ಎಂಟರ್ ಒತ್ತಿ ಬೆರಳೆತ್ತುವುದರೊಳಗೆ ಮುಗಿದಿತ್ತು. ಇಷ್ಟು ಸಣ್ಣ ಕೆಲಸಕ್ಕೆ ಎಷ್ಟು ದೊಡ್ಡ ಅನಾಹುತ ಮಾಡಿಕೊಂಡೆ ಎಂದು ನನ್ನ ಮೇಲೇ ಸಿಟ್ಟು ಬಂತು. ಅಟ್ಟ ಮೇಲೆ ಒಲೆ ಉರಿಯಿತು.

ಉಳಿದದ್ದು ಆ ಎಪ್ಪತ್ಮೂರು. ಅದನ್ನು ಯಾವ ಕ್ವೆರಿಯೂ ತಾನೊಂದೇ ಬಿಡಿಸುವಂತಿರಲಿಲ್ಲ. ಮಸ್ಕಿಯ ಷರಾ ತುಂಬಿತ್ತು, ಲಿಂಗಸುಗೂರಿನದು ಅರ್ಧ, ಸಿಂಧನೂರಿನದು, ಅಂದರೆ ನನ್ನ ಮೂಗಿನ ಕೆಳಗಿನದು, ಪೂರ್ತಿ ಖಾಲಿ. ಮೂರೂ ಕೇಂದ್ರಗಳಿಂದ ಆ ಕುರಿಗಾರರಿಗೆ ಫೋನ್ ಹಚ್ಚಿಸಿದೆ. ಎರಡೇ ಪ್ರಶ್ನೆ: ಕುರಿಗೆ ಯಾವ ಬಣ್ಣ ಎಲ್ಲಿ ಹಚ್ಚೀರಿ, ಎಷ್ಟು ಸೀಸೆ ಬೇಕು. ಹೆಸರು, ಊರು, ಬಣ್ಣ ಮೂರೂ ಕೂಡಿದರೆ ಮಾತ್ರ ಒಂದೇ ಹಿಂಡು. ಐದೂವರೆಯ ಹೊತ್ತಿಗೆ ಲೆಕ್ಕ ಸಿಕ್ಕಿತು. ನಲವತ್ತೊಂದು ನಿಜವಾಗಿಯೂ ಎರಡು ಸಲ ಬರೆಸಿದ ಅದೇ ಹಿಂಡುಗಳು. ಹತ್ತೊಂಬತ್ತು ಬೇರೆಯದೇ ಮನುಷ್ಯರ ಬೇರೆಯದೇ ಹಿಂಡುಗಳು. ಹದಿಮೂರು ಗೊತ್ತಾಗಲಿಲ್ಲ, ಫೋನ್ ಹತ್ತಲಿಲ್ಲ.

ಈ ಹದಿಮೂರನ್ನು ಏನು ಮಾಡುವುದು? ಬಣ್ಣದ ಗುರುತು ಖಾಲಿ ಇದ್ದರೆ, ಅದರ ಮೇಲೆ ಮಾಡುವ ಜಾಯಿನ್‌ನಲ್ಲಿ ಆ ಸಾಲು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಯಾರೂ ತೆಗೆದಿರುವುದಿಲ್ಲ, ಆದರೂ ಇರುವುದಿಲ್ಲ. ಹಾಗೆ ಬೀಳಲು ಬಿಡುವುದೋ, ಬೇಕೆಂದೇ ಹಿಡಿದಿಡುವುದೋ ನಾನು ನಿರ್ಧರಿಸಬೇಕಿತ್ತು. ವೈದ್ಯರಿಗೆ ಫೋನ್ ಮಾಡಿ, ಒಂದೇ ಕುರಿಗೆ ಎರಡು ಸಲ ಲಸಿಕೆ ಬಿದ್ದರೆ ಏನಾಗುತ್ತದೆ ಎಂದು ಕೇಳಿದೆ.

"ಎರಡು ಸಲ ಬಿದ್ರ ಏನೂ ಆಗಂಗಿಲ್ರಿ. ಬೀಳಲಿಲ್ಲಂದ್ರ ಸಾಯ್ತಾವ," ಎಂದರು.

ಅಲ್ಲಿಗೆ ಮುಗಿಯಿತು. ಗೊತ್ತಿಲ್ಲದವರನ್ನು ಕೈಬಿಡುವುದಿಲ್ಲ. ಹದಿಮೂರನ್ನೂ ಪಟ್ಟಿಯಲ್ಲಿ ಉಳಿಸಿದೆ, ಮುಂದೆ "ಖಾತ್ರಿ ಇಲ್ಲ, ಹಿಂಡು ನೋಡಿ ಹಾಕುವುದು" ಎಂದು ಬರೆದೆ.

ಗುರುವಾರ ಮೊದಲ ಬಸ್ಸಿಗೆ ಬಂದೆ. ಐಸ್ ಪೆಟ್ಟಿಗೆಗಳು ಜೀಪಿನ ಹಿಂದೆ ಸಿದ್ಧವಾಗಿದ್ದವು. ಕಾರ್ಯದರ್ಶಿ ಹೊಸ ಪಟ್ಟಿಯನ್ನು ಕೊನೆಯವರೆಗೂ ಓದಿದರು. "ಇದಕ್ಕ ನಾ ಸಹಿ ಹಾಕಂಗಿಲ್ಲ," ಎಂದು ಮೇಜಿನ ಮೇಲಿಟ್ಟರು.

"ಬ್ಯಾಡ್ರಿ ಸರ್," ಎಂದು ನಾನೇ ಸಹಿ ಹಾಕಿದೆ. ವೈದ್ಯರು ನನ್ನ ಸಹಿಯ ಪಕ್ಕದಲ್ಲೇ ತಮ್ಮದನ್ನು ಹಾಕಿದರು. ಅವರು ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ, ಕಣ್ಣು ತುಂಬಿ ಬಂತು. ಜೀಪು ವಳಕಮದಿನ್ನಿಯ ದಾರಿ ಹಿಡಿಯಿತು. ಬಾಗಿಲ ಮೇಲಿನ ಹಾಳೆಯನ್ನು ಉಗುರಿನಿಂದ ಕೆರೆದು ಕಿತ್ತೆ. ಅಂಟು ಗಟ್ಟಿಯಾಗಿತ್ತು, ಮೂಲೆ ಮೂಲೆಯಲ್ಲಿ ಚೂರುಗಳು ಉಳಿದವು.

ಮುಂದಿನ ವಾರ ಕಾರ್ಯದರ್ಶಿ ಒಂದು ಕಾಗದ ತಂದಿಟ್ಟರು. ಮಸ್ಕಿಯಲ್ಲಿ ಕುರಿಗಾರರ ಸಭೆ ಇತ್ತು, ಅಲ್ಲಿ ಓದಲು ಅವರೇ ಬರೆದದ್ದು. "ತಾಂತ್ರಿಕ ದೋಷದಿಂದ ಕೆಲವು ಹೆಸರುಗಳು ಬಿಟ್ಟುಹೋಗಿದ್ದವು" ಎಂದಿತ್ತು.

"ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ ಮೇಡಂ. ನಿಮಗೂ ಚಲೋ, ನಮಗೂ ಚಲೋ," ಎಂದರು. ಅವರು ಕೆಟ್ಟವರಲ್ಲ. ನನ್ನನ್ನೂ ಉಳಿಸುವ ದಾರಿ ಹುಡುಕಿದ್ದರು.

"ದೋಷ ಯಂತ್ರದ್ದಲ್ರಿ ಸರ್. ನಾ ಹೇಳಿದ್ದನ್ನs ಅದು ಮಾಡೈತಿ," ಎಂದು ಕಾಗದವನ್ನು ವಾಪಸು ಕೊಟ್ಟೆ.

ಸಭೆಯಲ್ಲಿ ನಾನೇ ಎದ್ದು ನಿಂತೆ. ಬರೆದುಕೊಂಡದ್ದೇನೂ ಇರಲಿಲ್ಲ. "ಪಟ್ಟಿ ಮಾಡಿದಾಕಿ ನಾನು. ನಾನು ತಪ್ಪು ಮಾಡೀನಿ. ಹತ್ತೊಂಬತ್ತು ಮಂದಿ ಒಂದs ಸಲ ಬರ್ಸಿದ್ರು, ಅವರನ್ನ ಎರಡು ಸಲ ಬರ್ಸ್ಯಾರ ಅಂತ ನಾವು ಬಾಗಲಕ್ಕ ಹಚ್ಚಿದ್ವಿ. ಅವರ್ಯಾರೂ ಸುಳ್ಳು ಹೇಳಿಲ್ಲ," ಎಂದೆ. ಹತ್ತೊಂಬತ್ತೂ ಹೆಸರುಗಳನ್ನು ಊರು, ಬಣ್ಣ ಸಮೇತ ಓದಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟುವಂಥದ್ದೇನೂ ಅಲ್ಲ. ಹಿಂದಿನ ಸಾಲಿನಲ್ಲಿ ಬೀರಪ್ಪ ಎದ್ದು ನಿಂತರು.

"ನೀ ಓದಿದ್ದು ಕೇಳ್ತು ತಂಗಿ. ಸೂಜಿ ಬಿತ್ತು, ಹಿಂಡು ಉಳೀತು, ಇಲ್ಲ ಅನ್ನಂಗಿಲ್ಲ. ಆದ್ರ ಸೂಜಿ ಬರೂದ್ರಾಗs ಬ್ಯಾನಿ ಹೊಕ್ಕಿತ್ತು. ಏಳು ಕುರಿ ಹ್ವಾದ್ವು. ಎರಡು ದಿನ ಮುಂಚೆ ಬಂದಿದ್ರ ಉಳೀತಿದ್ವೇನೋ. ಅವನ್ನ ಯಾವ ಪಟ್ಟಿಗೆ ಹಾಕ್ತೀ?"

ಕೇಳುವಾಗ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಸಭೆಯೆಲ್ಲ ನನ್ನನ್ನೇ ನೋಡುತ್ತಿತ್ತು. ನೋಂದಣಿಗೆಂದು ಮೇಜಿನ ಮೇಲೆ ತಂದಿಟ್ಟಿದ್ದ ಹೊಸ ದಪ್ಪ ಪುಸ್ತಕವನ್ನು ಎಳೆದುಕೊಂಡು ಮೊದಲ ಹಾಳೆ ತೆರೆದೆ. ಮೇಲೆ "ನಮ್ಮ ತಪ್ಪಿನಿಂದ ಸತ್ತ ಕುರಿಗಳು" ಎಂದು ಬರೆದೆ.

ಪಕ್ಕದಲ್ಲಿ ಕುಳಿತಿದ್ದ ಕಾರ್ಯದರ್ಶಿ ಬಗ್ಗಿ ಓದಿ, ನನ್ನ ಕೈ ಹಿಡಿಯುವಂತೆ ಕೈ ಚಾಚಿದರು. "ಮೇಡಂ, ಏನು ಬರೀಲಿಕ್ಕತ್ತೀರಿ? ಇಂಥ ಪಟ್ಟಿ ನಮ್ಮ ಸಂಘದಾಗ ಇಲ್ಲ."

"ಇವತ್ತಿಂದ ಐತ್ರಿ ಸರ್," ಎಂದೆ. ಬೀರಪ್ಪ, ಪಾಮನಕಲ್ಲೂರು, ಬೆನ್ನು ಕೆಂಪು, ಏಳು ಎಂದು ಮೊದಲ ಸಾಲು ತುಂಬಿದೆ. ತಲೆಯೆತ್ತಿ, ಇನ್ನೂ ಯಾರದು ಇದೆ, ಹೇಳಿ ಎಂದು ಸಭೆಯನ್ನು ಕೇಳಿದೆ.